ಬೈಬಲ್ ಪಕ್ಕದಲ್ಲಿ ಯಾವ ಪುಸ್ತಕ, ಯಾವಾಗ?

ಒಮ್ಮೆ ಬೈಬಲ್ ಅಧ್ಯಯನದ ಗುಂಪಿನಲ್ಲಿ ಯೋನನ ಪುಸ್ತಕದ ಮೇಲೆ ಮಾತಾಡುವ ಸರದಿ ನನ್ನದಾಗಿತ್ತು. ನಿನೆವೆ ಪಟ್ಟಣಕ್ಕೆ ಹೋಗಿ ಸಾರು ಅಂತ ದೇವರು ಹೇಳಿದಾಗ ಹಡಗು ಹತ್ತಿ ಓಡಿಹೋಗಿ, ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದ ಪ್ರವಾದಿಯ ಕಥೆ ಅದು. ತಯಾರಿ ಜೋರಾಗಿಯೇ ನಡೆಸಿದ್ದೆ. ಮೂರು ವ್ಯಾಖ್ಯಾನ, ಅಂದರೆ ವಚನಗಳಿಗೆ ವಿವರಣೆ ಕೊಡುವ ಪುಸ್ತಕ, ಓದಿದ್ದೆ. ಮೀನು ಯಾವ ಜಾತಿಯದ್ದಿರಬಹುದು, ಮೂರು ದಿನ ಅಂದರೆ ಎಷ್ಟು ಗಂಟೆ, ಎಲ್ಲ ಬರೆದಿಟ್ಟುಕೊಂಡಿದ್ದೆ. ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: "ಈ ಪುಸ್ತಕ ಹೇಗೆ ಮುಗಿಯುತ್ತೆ?" ನಿನೆವೆಯ ಜನ ಪಶ್ಚಾತ್ತಾಪಪಟ್ಟರು, ಅಲ್ಲಿಗೆ ಕಥೆ ಮುಗೀತು ಅಂದೆ. ಅವರು ಪುಟ ತಿರುಗಿಸಿ ಕೊನೆಯ ವಚನ ಓದಿದರು. ಅದೊಂದು ಪ್ರಶ್ನೆ. ದೇವರು ಯೋನನಿಗೆ ಪ್ರಶ್ನೆ ಹಾಕುತ್ತಾರೆ. ಯೋನ ಬಾಯಿ ಬಿಡುವ ಮೊದಲೇ ಪುಸ್ತಕ ನಿಂತುಬಿಡುತ್ತದೆ.

ಯೋನನ ಪುಸ್ತಕದಲ್ಲಿ ಇರುವುದು ಒಟ್ಟು 48 ವಚನ. ನೂರಾರು ಪುಟ ವ್ಯಾಖ್ಯಾನ ಓದಿದವನಿಗೆ ಆ 48 ವಚನ ಓದಲು ಪುರುಸೊತ್ತಾಗಿರಲಿಲ್ಲ!

ಆಮೇಲೆ ನಾನು ಪುಸ್ತಕಗಳನ್ನು ಬಿಡಲಿಲ್ಲ. ಅವುಗಳನ್ನು ಕೈಗೆತ್ತಿಕೊಳ್ಳುವ ಸರದಿ ಬದಲಾಯಿಸಿದೆ, ಅಷ್ಟೇ. ಇಲ್ಲಿ ಹೇಳುತ್ತಿರುವುದು ಆ ಸರದಿಯ ಬಗ್ಗೆ. ಉದಾಹರಣೆಗೆ ಯೋನನನ್ನೇ ಇಟ್ಟುಕೊಳ್ಳೋಣ. ನನ್ನ ಮಾನ ಕಳೆದವನು ಅವನೇ ಅಲ್ವಾ.

ಹಂತ 1: ಮೊದಲು ಎರಡು ಅನುವಾದ

ಯಾವ ಸಹಾಯಕ ಪುಸ್ತಕಕ್ಕೂ ಮೊದಲು ಬೇಕಾದದ್ದು ಎರಡನೇ ಬೈಬಲ್. ಹಳೆಯ ಒಡಂಬಡಿಕೆ ಬರೆದದ್ದು ಹೀಬ್ರೂ ಭಾಷೆಯಲ್ಲಿ. ದಾನಿಯೇಲ ಮತ್ತು ಎಜ್ರ ಪುಸ್ತಕಗಳ ಕೆಲವು ಭಾಗಗಳು ಅರಾಮಿಕ್‌ನಲ್ಲಿವೆ. ಹೊಸ ಒಡಂಬಡಿಕೆ ಗ್ರೀಕ್‌ನಲ್ಲಿದೆ. ನಮ್ಮ ಕೈಯಲ್ಲಿರುವುದು ಅನುವಾದ. ಅನುವಾದ ಅಂದಮೇಲೆ ಯಾರೋ ಒಬ್ಬರು ಕೂತು, ಈ ಪದಕ್ಕೆ ಈ ಅರ್ಥ ಅಂತ ತೀರ್ಮಾನ ಮಾಡಿದ್ದಾರೆ ಅಂತಲೇ ಲೆಕ್ಕ.

ಒಂದು ಅನುವಾದ ಪದಕ್ಕೆ ಪದ ಹತ್ತಿರವಿರಲಿ. ಇನ್ನೊಂದು ಇವತ್ತಿನ ಮಾತಿನಲ್ಲಿ ಸಲೀಸಾಗಿ ಓದಿಸಿಕೊಂಡು ಹೋಗಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಎಲ್ಲಿ ಎರಡೂ ಬೇರೆ ಬೇರೆ ಹೇಳುತ್ತವೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಅಲ್ಲಿ ಮೂಲ ಪದ ಕಷ್ಟದ್ದಿರಬೇಕು, ಅಥವಾ ಹಸ್ತಪ್ರತಿಗಳಲ್ಲಿ ವ್ಯತ್ಯಾಸ ಇರಬೇಕು. ನಿಮ್ಮ ಅಧ್ಯಯನಕ್ಕೆ ಬೇಕಾದ ಪ್ರಶ್ನೆಗಳು ಅಲ್ಲೇ ಸಿಗುತ್ತವೆ.

ಅನುವಾದದ ಒಂದು ಪದಕ್ಕೆ ಜನ ಎಷ್ಟು ತಲೆ ಕೆಡಿಸಿಕೊಂಡಿದ್ದರು ಅನ್ನುವುದಕ್ಕೆ ಯೋನನ ಪುಸ್ತಕದಲ್ಲೇ ಒಂದು ಕಥೆಯಿದೆ. ನಾಲ್ಕನೇ ಅಧ್ಯಾಯದಲ್ಲಿ ಯೋನನ ತಲೆಯ ಮೇಲೆ ನೆರಳಾಗಿ ಒಂದು ಗಿಡ ಬೆಳೆಯುತ್ತದೆ. ಹಳೆಯ ಲ್ಯಾಟಿನ್ ಬೈಬಲ್‌ನಲ್ಲಿ ಅದು ಸೋರೆ. ಜೆರೋಮ್ ಅನ್ನುವ ವಿದ್ವಾಂಸರು ಹೀಬ್ರೂವಿನಿಂದ ಲ್ಯಾಟಿನ್‌ಗೆ ಹೊಸದಾಗಿ ಅನುವಾದ ಮಾಡುವಾಗ ಅದನ್ನು ಐವಿ ಬಳ್ಳಿ ಅಂತ ಬರೆದರು. ಈಗಿನ ಲಿಬಿಯಾದ ಟ್ರಿಪೋಲಿಯಲ್ಲಿ, ಆಗ ಅದಕ್ಕೆ ಓಯಾ ಅಂತ ಹೆಸರು, ಬಿಷಪ್ ಒಬ್ಬರು ಈ ಹೊಸ ಅನುವಾದ ಓದಿಸಿದರು. ಸಭೆಯಲ್ಲಿ ಗಲಾಟೆ ಎದ್ದಿತು. ತಲೆಮಾರುಗಳಿಂದ ಕೇಳಿಕೊಂಡು ಬಂದ ಗಿಡ ಎಲ್ಲಿ ಹೋಯಿತು ಅಂತ ಜನ ತಿರುಗಿಬಿದ್ದರು. ಕೊನೆಗೆ ಬಿಷಪ್ಪರೇ ಹಿಂದೆ ಸರಿಯಬೇಕಾಯಿತು. ಇದನ್ನು ಉತ್ತರ ಆಫ್ರಿಕಾದ ಇನ್ನೊಬ್ಬ ಬಿಷಪ್ ಅಗಸ್ಟಿನ್ ಅವರು 403ರಲ್ಲಿ ಜೆರೋಮ್‌ಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. ಹರಳುಗಿಡ ಇರಬಹುದು ಅನ್ನುವವರೂ ಇದ್ದಾರೆ. ವಿಷಯ ಇವತ್ತಿಗೂ ತೀರ್ಮಾನವಾಗಿಲ್ಲ.

ಬೈಬಲ್ ಆರಿಸುವಾಗ ಇನ್ನೆರಡು ಮಾತು ನೆನಪಿರಲಿ. ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ 66 ಪುಸ್ತಕ, ಕ್ಯಾಥೊಲಿಕ್ ಬೈಬಲ್‌ನಲ್ಲಿ 73. ಆರ್ಥೊಡಾಕ್ಸ್ ಸಭೆಗಳಲ್ಲಿ ಇನ್ನೂ ಕೆಲವು ಜಾಸ್ತಿ. ನಿಮ್ಮ ಸಭೆಯಲ್ಲಿ ಓದುವುದು ಯಾವುದು ಅಂತ ತಿಳಿದುಕೊಳ್ಳಿ. ಮತ್ತೆ, ಅಡಿಟಿಪ್ಪಣಿ ಇರುವ ಮುದ್ರಣವನ್ನೇ ಹುಡುಕಿ. ಮಾರ್ಕನ ಸುವಾರ್ತೆಯ 16ನೇ ಅಧ್ಯಾಯಕ್ಕೆ ಹೋಗಿ ನೋಡಿ. 9ರಿಂದ 20ರವರೆಗಿನ ವಚನಗಳು ಅತಿ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಇಲ್ಲ ಅನ್ನುವ ಟಿಪ್ಪಣಿ ಅಲ್ಲಿದ್ದರೆ ಆ ಮುದ್ರಣ ನಿಮ್ಮಿಂದ ಏನನ್ನೂ ಮುಚ್ಚಿಡುತ್ತಿಲ್ಲ. ಅಂಥದ್ದು ಒಳ್ಳೆಯದು.

ಹಂತ 2: ಯಾವ ಪುಸ್ತಕವೂ ಇಲ್ಲದೆ ಮೂರು ಸಲ

ಹೌದು, ಪುಸ್ತಕಗಳ ಬಗ್ಗೆ ಬರೆಯುತ್ತಾ ಪುಸ್ತಕ ಮುಚ್ಚಿಡಿ ಅನ್ನುತ್ತಿದ್ದೇನೆ. ಈ ಹಂತ ಬಿಟ್ಟರೆ ಮುಂದಿನದ್ದೆಲ್ಲ ಸುಮ್ನೆ ಮಾಹಿತಿ ಗುಡ್ಡೆ ಹಾಕಿದ ಹಾಗೆ.

ಮೊದಲ ಸಲ ಇಡೀ ಪುಸ್ತಕವನ್ನು ಒಂದೇ ಕೂತಿಗೆ ಓದಿ. ಯೋನ ಹತ್ತು ನಿಮಿಷದ ಓದು. ಫಿಲಿಪ್ಪಿಯವರಿಗೆ ಬರೆದ ಪತ್ರವೂ ನಾಲ್ಕೇ ಅಧ್ಯಾಯ. ಪತ್ರವನ್ನು ಯಾರಾದರೂ ದಿನಕ್ಕೆ ನಾಲ್ಕು ಸಾಲಿನ ಹಾಗೆ ಓದುತ್ತಾರಾ? ಬಂದ ದಿನವೇ ಪೂರ್ತಿ ಓದುತ್ತಾರೆ. ಅಧ್ಯಾಯ, ವಚನಗಳ ಗೆರೆಗಳೆಲ್ಲ ಆಮೇಲೆ ಬಂದವು. ಈಗಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ ಆರಂಭದ್ದು. ಅದಕ್ಕೆ ಕಾರಣರಾದವರು ಸ್ಟೀಫನ್ ಲ್ಯಾಂಗ್ಟನ್ ಅನ್ನುತ್ತಾರೆ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆಗಳನ್ನು ಹಾಕಿದ್ದು ರೋಬೆರ್ ಎಸ್ತಿಯೆನ್ ಅನ್ನುವ ಮುದ್ರಕ, 1551ರಲ್ಲಿ. ಹುಡುಕಲು ಅನುಕೂಲ ನಿಜ. ಓದಿನ ಓಟಕ್ಕೆ ಮಾತ್ರ ಅಡ್ಡಿ.

ಎರಡನೇ ಸಲ ನೋಟ್‌ಬುಕ್ ಇಟ್ಟುಕೊಂಡು ಓದಿ. ಮತ್ತೆ ಮತ್ತೆ ಬರುವ ಪದ, ಯಾರು ಯಾರಿಗೆ ಮಾತಾಡುತ್ತಾರೆ, ಎಲ್ಲಿ ಜಾಗ ಬದಲಾಗುತ್ತದೆ, ಯಾವುದು ವಿಚಿತ್ರ ಅನ್ನಿಸಿತು, ಇವನ್ನೆಲ್ಲ ಬರೆಯಿರಿ. ಯೋನದಲ್ಲಿ "ದೊಡ್ಡ" ಅನ್ನುವ ಮಾತು ಎಷ್ಟು ಸಲ ಬರುತ್ತದೆ ಎಣಿಸಿ. ದೊಡ್ಡ ಪಟ್ಟಣ, ದೊಡ್ಡ ಗಾಳಿ, ದೊಡ್ಡ ಮೀನು. ಅಂದಹಾಗೆ, ಹೀಬ್ರೂವಿನಲ್ಲಿ ಇರುವುದು ದೊಡ್ಡ ಮೀನು ಅಂತ ಮಾತ್ರ. ತಿಮಿಂಗಿಲ ಅನ್ನುವುದು ನಾವು ಸೇರಿಸಿಕೊಂಡದ್ದು. ಪರದೇಶದ ನಾವಿಕರು ಪ್ರಾರ್ಥನೆ ಮಾಡುತ್ತಿರುವಾಗ ದೇವರ ಪ್ರವಾದಿ ಹಡಗಿನ ಕೆಳಗೆ ನಿದ್ದೆ ಹೊಡೆಯುತ್ತಿರುತ್ತಾನೆ. ಇದು ನಿಮಗೇ ಕಣ್ಣಿಗೆ ಬೀಳಬೇಕು. ವ್ಯಾಖ್ಯಾನಕಾರ ಹೇಳಿದ ಮೇಲೆ ಗೊತ್ತಾದರೆ ಆ ರುಚಿ ಬರುವುದಿಲ್ಲ.

ಮೂರನೇ ಸಲ ಜೋರಾಗಿ ಓದಿ, ಪ್ರಶ್ನೆಗಳನ್ನು ಬರೆಯಿರಿ. ಉತ್ತರ ಹುಡುಕುವ ಅವಸರ ಬೇಡ. ಯೋನನಿಗೆ ಅಷ್ಟು ಸಿಟ್ಟು ಯಾಕೆ? ತಾರ್ಷೀಷ್ ಎಲ್ಲಿದೆ? ನಿನೆವೆ ಅಂದರೆ ಏನು? ಮೀನಿನ ಹೊಟ್ಟೆಯ ಪ್ರಾರ್ಥನೆ ಕೀರ್ತನೆಯ ಹಾಗೆ ಕೇಳುತ್ತದಲ್ಲ, ಯಾಕೆ? ಮುಂದಿನ ಹಂತಗಳಲ್ಲಿ ಯಾವ ಪುಸ್ತಕ ತೆರೆಯಬೇಕು ಅನ್ನುವುದನ್ನು ಈ ಪಟ್ಟಿಯೇ ಹೇಳುತ್ತದೆ.

ಹಂತ 3: ಬೈಬಲ್‌ಗೆ ಬೈಬಲ್‌ನಿಂದಲೇ ಉತ್ತರ

ಪುಟದ ಅಂಚಿನಲ್ಲೋ ಕೆಳಗೋ ಸಣ್ಣ ಅಕ್ಷರದಲ್ಲಿ ಬೇರೆ ವಚನಗಳ ಸಂಖ್ಯೆ ಕೊಟ್ಟಿರುತ್ತಾರೆ. ಅಡ್ಡ ಉಲ್ಲೇಖಗಳು ಅಂದರೆ ಅವೇ. ಬಹಳ ಜನ ಅವನ್ನು ತಿರುಗಿಯೂ ನೋಡುವುದಿಲ್ಲ. ನನ್ನ ಕೇಳಿದರೆ ಬಿಟ್ಟಿಯಾಗಿ ಸಿಗುವ ಅತ್ಯುತ್ತಮ ವ್ಯಾಖ್ಯಾನ ಅದು.

ಯೋನ 4:2, ಅಂದರೆ ನಾಲ್ಕನೇ ಅಧ್ಯಾಯದ ಎರಡನೇ ವಚನ ನೋಡಿ. ನೀನು ಕನಿಕರ ಇರುವ ದೇವರು, ಬೇಗ ಸಿಟ್ಟಾಗುವವನಲ್ಲ, ಅದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಓಡಿಹೋದೆ ಅನ್ನುತ್ತಾನೆ ಯೋನ. ಅಂಚಿನ ಉಲ್ಲೇಖ ನಿಮ್ಮನ್ನು ವಿಮೋಚನಕಾಂಡ 34:6ಕ್ಕೆ ಕಳಿಸುತ್ತದೆ. ಅಲ್ಲಿ ದೇವರು ಮೋಶೆಯ ಮುಂದೆ ತಮ್ಮ ಸ್ವಭಾವವನ್ನು ಇದೇ ಮಾತುಗಳಲ್ಲಿ ಹೇಳಿಕೊಂಡಿದ್ದಾರೆ. ಯಾವಾಗ? ಇಸ್ರಾಯೇಲರು ಚಿನ್ನದ ಕರುವಿಗೆ ಅಡ್ಡಬಿದ್ದ ಮೇಲೆ. ತನ್ನ ಜನ ಉಳಿದದ್ದು ಯಾವ ಕರುಣೆಯಿಂದಲೋ ಅದೇ ಕರುಣೆ ಪರರಿಗೆ ಸಿಕ್ಕಾಗ ಯೋನ ಅದನ್ನು ದೂರಾಗಿ ಎತ್ತಿ ಆಡುತ್ತಿದ್ದಾನೆ. ಯೋನನ ಸಿಟ್ಟಿಗೆ ಕಾರಣ ಸಿಕ್ಕಿತು. ಇನ್ನೂ ಒಂದೂ ವ್ಯಾಖ್ಯಾನ ತೆರೆದಿಲ್ಲ, ಗಮನಿಸಿ.

ಹಾಗೇ ಯೋನ 2:3ರಿಂದ ಕೀರ್ತನೆ 42:7ಕ್ಕೆ ಹೋಗಿ. ಅಲೆಗಳೆಲ್ಲ ನನ್ನ ಮೇಲೆ ಹಾದುಹೋದವು ಅನ್ನುವ ಅದೇ ಸಾಲು. ಕಷ್ಟದಲ್ಲಿ ಸಿಕ್ಕಿದವನ ಬಾಯಿಗೆ ಬಂದದ್ದು ಬಾಯಿಪಾಠದ ಕೀರ್ತನೆ.

ಇಲ್ಲಿಂದ ಮುಂದೆ ಬೇಕಾಗುವುದು ಕನ್ಕಾರ್ಡೆನ್ಸ್, ಅಂದರೆ ಪದಾನುಕ್ರಮಣಿಕೆ. ಯಾವ ಪದ ಬೈಬಲ್‌ನಲ್ಲಿ ಎಲ್ಲೆಲ್ಲಿ ಬರುತ್ತದೆ ಅನ್ನುವ ಪಟ್ಟಿ. ಅಲೆಕ್ಸಾಂಡರ್ ಕ್ರೂಡೆನ್ ಇಂಥದ್ದೊಂದನ್ನು ಒಬ್ಬರೇ ಕೂತು ಕೈಯಲ್ಲೇ ತಯಾರಿಸಿ 1737ರಲ್ಲಿ ಪ್ರಕಟಿಸಿದರು. 1890ರಲ್ಲಿ ಜೇಮ್ಸ್ ಸ್ಟ್ರಾಂಗ್ ಅವರದ್ದು ಬಂತು. ಸ್ಟ್ರಾಂಗ್ ಒಂದು ಉಪಕಾರ ಮಾಡಿದರು. ಮೂಲ ಭಾಷೆಯ ಪ್ರತಿ ಪದಕ್ಕೂ ಒಂದೊಂದು ಸಂಖ್ಯೆ ಕೊಟ್ಟರು. ಹೀಬ್ರೂ ಮತ್ತು ಅರಾಮಿಕ್‌ಗೆ 8674ರವರೆಗೆ, ಗ್ರೀಕ್‌ಗೆ 5624ರವರೆಗೆ. ಹೀಬ್ರೂ ಅಕ್ಷರ ಗೊತ್ತಿಲ್ಲದವರೂ ಸಂಖ್ಯೆ ಹಿಡಿದು ಪದದ ಜಾಡು ಹುಡುಕಬಹುದು. ಈಗಿನ ಬೈಬಲ್ ಆ್ಯಪ್‌ಗಳಲ್ಲಿ ಪದದ ಮೇಲೆ ಒತ್ತಿದರೆ ಬರುವ ಸಂಖ್ಯೆ ಸಾಮಾನ್ಯವಾಗಿ ಇದೇ.

3381 ಸಂಖ್ಯೆಯ ಹೀಬ್ರೂ ಪದ "ಯಾರದ್". ಇಳಿ ಅಂತ ಅರ್ಥ. ಯೋನ ಯೊಪ್ಪ ಅನ್ನುವ ಬಂದರಿಗೆ ಇಳಿದ. ಹಡಗಿಗೆ ಇಳಿದ. ಹಡಗಿನ ಒಳತಳಕ್ಕೆ ಇಳಿದ. ಎರಡನೇ ಅಧ್ಯಾಯದಲ್ಲಿ ಬೆಟ್ಟಗಳ ಬುಡದವರೆಗೆ ಇಳಿದ. ನಾಲ್ಕು ಸಲವೂ ಅದೇ ಪದ. ಅನುವಾದದಲ್ಲಿ ಇದು ಹೋದನು, ಹತ್ತಿದನು ಅಂತೆಲ್ಲ ಚದುರಿಹೋಗಿರಬಹುದು. ದೇವರಿಂದ ಓಡುವವನ ದಾರಿ ಇಳಿಜಾರು ಅಂತ ಲೇಖಕ ಒಂದೇ ಪದದಲ್ಲಿ ತೋರಿಸಿದ್ದಾನೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪದಗಳ ಹುಚ್ಚು ಹಿಡಿದರೆ ಕಷ್ಟ. "ಶಕ್ತಿ" ಅನ್ನುವುದಕ್ಕೆ ಗ್ರೀಕ್‌ನಲ್ಲಿ "ಡ್ಯುನಮಿಸ್" ಅಂತಾರೆ, ಡೈನಮೈಟ್ ಬಂದದ್ದು ಅದರಿಂದಲೇ, ಆದ್ದರಿಂದ ದೇವರ ಶಕ್ತಿ ಡೈನಮೈಟ್ ಇದ್ದ ಹಾಗೆ ಅನ್ನುವ ಪ್ರಸಂಗ ನೀವು ಕೇಳಿರುತ್ತೀರಿ. ನಾನೂ ಹೇಳಿದ್ದೇನೆ, ಕೈ ಎತ್ತಿ ಎತ್ತಿ. ಆಲ್ಫ್ರೆಡ್ ನೊಬೆಲ್ ಡೈನಮೈಟ್ ಕಂಡುಹಿಡಿದದ್ದು 1867ರಲ್ಲಿ. ಹೊಸ ಒಡಂಬಡಿಕೆಯಲ್ಲಿ ಪತ್ರಗಳನ್ನು ಬರೆದ ಪೌಲನ ತಲೆಯಲ್ಲಿ ಸಿಡಿಮದ್ದು ಇರಲು ಸಾಧ್ಯವೇ ಇಲ್ಲ. ಪದದ ಅರ್ಥ ಗೊತ್ತಾಗುವುದು ಅದು ಕೂತಿರುವ ವಾಕ್ಯದಿಂದ. ಬೇರು ಹಿಡಿದು ಜಗ್ಗಿದರೆ ಅರ್ಥ ಸಿಗುತ್ತದೆ ಅನ್ನುವ ಖಾತ್ರಿಯಿಲ್ಲ.

ಹಂತ 4: ಬೈಬಲ್ ನಿಘಂಟು ಮತ್ತು ಭೂಪಟ

ಒಂದೇ ಒಂದು ಸಹಾಯಕ ಪುಸ್ತಕ ಇಟ್ಟುಕೊಳ್ಳಲು ಅವಕಾಶ ಇದ್ದರೆ ನಾನು ಇಟ್ಟುಕೊಳ್ಳುವುದು ಬೈಬಲ್ ನಿಘಂಟನ್ನು. ನಿಘಂಟು ಅನ್ನುವ ಹೆಸರು ದಾರಿ ತಪ್ಪಿಸುತ್ತದೆ. ಇದು ಊರು, ರಾಜರು, ನಾಣ್ಯ, ಅಳತೆ, ಹಬ್ಬ, ಗಿಡಮರಗಳ ಬಗ್ಗೆ ಇರುವ ಸಣ್ಣ ವಿಶ್ವಕೋಶ. ಇದು ನಿಮ್ಮ ಬದಲು ಯೋಚಿಸುವುದಿಲ್ಲ. ನಿಮಗೆ ಗೊತ್ತಿಲ್ಲದ್ದನ್ನು ಹೇಳಿ ಪಕ್ಕಕ್ಕೆ ಸರಿಯುತ್ತದೆ. ನನಗೆ ಇಷ್ಟವಾಗುವುದು ಅದೇ.

"ನಿನೆವೆ" ತೆರೆದು ನೋಡಿ. ಈಗಿನ ಇರಾಕಿನ ಮೋಸುಲ್ ಪಕ್ಕದಲ್ಲಿ ಅದರ ಅವಶೇಷ ಇದೆ. ಅಶ್ಶೂರ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಪಟ್ಟಣ. ರಾಜ ಸನ್ಹೇರೀಬನ ಅರಮನೆಯ ಗೋಡೆಗಳಲ್ಲಿ ಯೂದಾಯದ ಲಾಕೀಷ್ ಪಟ್ಟಣಕ್ಕೆ ಕ್ರಿ.ಪೂ. 701ರಲ್ಲಿ ಹಾಕಿದ ಮುತ್ತಿಗೆಯ ಕೆತ್ತನೆಗಳಿದ್ದವು. ಸೆರೆಸಿಕ್ಕ ಯೂದಾಯದವರನ್ನು ಶೂಲಕ್ಕೆ ಏರಿಸಿದ ದೃಶ್ಯವೂ ಅದರಲ್ಲಿದೆ. ಆ ಕಲ್ಲುಗಳು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. "ಯೋನ" ಅಂತ ನೋಡಿದರೆ ಅವನ ಹೆಸರು ಬರುವ ಇನ್ನೊಂದು ವಚನ, 2 ಅರಸುಗಳು 14:25, ಸಿಗುತ್ತದೆ. ಎರಡನೇ ಯಾರೊಬ್ಬಾಮನ ಕಾಲ, ಕ್ರಿ.ಪೂ. 8ನೇ ಶತಮಾನ. ಅದೇ ಶತಮಾನದಲ್ಲಿ, ಕ್ರಿ.ಪೂ. 722ರ ಹೊತ್ತಿಗೆ, ಅಶ್ಶೂರದವರು ಉತ್ತರದ ಇಸ್ರಾಯೇಲನ್ನು ಅಳಿಸಿಹಾಕಿದರು. ಈ ಪುಸ್ತಕ ಓದುತ್ತಿದ್ದ ಇಸ್ರಾಯೇಲರಿಗೆ ನಿನೆವೆ ಅನ್ನುವ ಹೆಸರು ಹೇಗೆ ಕೇಳಿಸಿರಬೇಕು, ಯೋಚಿಸಿ. ಯೋನ ಪುಕ್ಕಲ ಅಂದುಕೊಂಡಿದ್ದೆ ನಾನು. ಅವನಿಗೆ ಹೆದರಿಕೆಗಿಂತ ಜಾಸ್ತಿ ಇದ್ದದ್ದು ದ್ವೇಷ.

ಭೂಪಟವೂ ಬೇಕು. ನಿನೆವೆ ಪೂರ್ವಕ್ಕೆ. ಯೋನ ಹಡಗು ಹತ್ತಿದ್ದು ಪಶ್ಚಿಮಕ್ಕೆ. ತಾರ್ಷೀಷ್ ಇದ್ದದ್ದು ಸ್ಪೇನ್ ಕಡೆ ಅನ್ನುವುದು ಬಹಳ ಜನರ ಊಹೆ. ಅಂದರೆ ಗೊತ್ತಿದ್ದ ಲೋಕದ ಇನ್ನೊಂದು ತುದಿ. ಬೆರಳಿಟ್ಟು ನೋಡಿದರೆ ನಗು ಬರುತ್ತದೆ. ಲೂಕ 10ರಲ್ಲಿ ಒಬ್ಬ ಯೆರೂಸಲೇಮಿನಿಂದ ಯೆರಿಕೋವಿಗೆ "ಇಳಿದು" ಹೋಗುತ್ತಿದ್ದ ಅಂತ ಯೇಸು ಕಳ್ಳರ ಕೈಗೆ ಸಿಕ್ಕವನ ಕಥೆ ಶುರು ಮಾಡುತ್ತಾರೆ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ, ಯೆರಿಕೋ ಸುಮಾರು 250 ಮೀಟರ್ ಕೆಳಗೆ. ಸಾವಿರ ಮೀಟರ್‌ನಷ್ಟು ಇಳಿಯುವ ಬಂಡೆ ಕೊರಕಲಿನ ದಾರಿ. ಕಳ್ಳರು ಅಲ್ಲಿ ಕಾದು ಕೂತದ್ದರಲ್ಲಿ ಆಶ್ಚರ್ಯವಿಲ್ಲ.

ಅಳತೆ, ನಾಣ್ಯ ಬಂದಲ್ಲಿ ಒಂದು ಕಾಗದ ತೆಗೆದು ಲೆಕ್ಕ ಹಾಕಿ. ಮತ್ತಾಯ 18ರಲ್ಲಿ ಒಬ್ಬ ಆಳು ಅರಸನಿಗೆ 10,000 ತಲಾಂತು ಕೊಡಬೇಕಿತ್ತು. ಇನ್ನೊಬ್ಬ ಆಳು ಅವನಿಗೆ ಕೊಡಬೇಕಾದದ್ದು 100 ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಹಾಗಾದರೆ ಮೊದಲನೆಯವನ ಸಾಲ 6 ಕೋಟಿ ದಿನದ ಕೂಲಿ. ರಜೆಯಿಲ್ಲದೆ ದುಡಿದರೂ 1,64,000 ವರ್ಷ ಬೇಕು. "ತಾಳಿಕೋ, ಎಲ್ಲಾ ತೀರಿಸುತ್ತೇನೆ" ಅನ್ನುತ್ತಾನಲ್ಲ ಅವನು, ಆ ಮಾತು ಎಷ್ಟು ಹಾಸ್ಯಾಸ್ಪದ ಅಂತ ಆಗ ಗೊತ್ತಾಗುತ್ತದೆ. ನಿಘಂಟಿನ ಎರಡು ಸಾಲು ಮಾಡಿದ ಕೆಲಸ ಇದು.

ಹಂತ 5: ಅಧ್ಯಯನ ಬೈಬಲ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಚನ, ಟಿಪ್ಪಣಿ, ಭೂಪಟ, ಪೀಠಿಕೆ ಎಲ್ಲ ಒಂದೇ ರಟ್ಟಿನೊಳಗೆ ಸಿಗುತ್ತದೆ, ಅನುಕೂಲ. ಪ್ರತಿ ಪುಸ್ತಕದ ಮುಂದಿರುವ ಪೀಠಿಕೆ ಒಳ್ಳೆಯ ಕೆಲಸಕ್ಕೆ ಬರುತ್ತದೆ. ತೊಂದರೆ ಏನೆಂದರೆ ಕಣ್ಣು ಮೇಲಿನ ವಾಕ್ಯ ಬಿಟ್ಟು ಕೆಳಗಿನ ಟಿಪ್ಪಣಿಗೆ ಜಾರುತ್ತದೆ. ಟಿಪ್ಪಣಿ ಬರೆದವರ ಮಾತಿಗೂ ಅದೇ ಪುಟದ ಗೌರವ ಸಿಕ್ಕಿಬಿಡುತ್ತದೆ. ಮೊದಲ ಓದಿಗೆ ಇಂಥ ವಿವರಣೆಯ ಟಿಪ್ಪಣಿ ಇಲ್ಲದ ಬೈಬಲ್, ಎರಡನೇ ಸುತ್ತಿಗೆ ಇದು. ಬೇರೆ ಉಪಾಯ ಇಲ್ಲದಿದ್ದರೆ ಟಿಪ್ಪಣಿಯ ಮೇಲೆ ಒಂದು ರಟ್ಟಿನ ತುಂಡು ಇಟ್ಟು ಓದಿ. ತಮಾಷೆಗೆ ಹೇಳುತ್ತಿಲ್ಲ, ನಾನು ಮಾಡುವುದೇ ಹಾಗೆ.

ಹಂತ 6: ಈಗ ವ್ಯಾಖ್ಯಾನ

ಪ್ರಶ್ನೆಗಳ ಪಟ್ಟಿ ಕೈಯಲ್ಲಿದೆ. ಅರ್ಧಕ್ಕೆ ಉತ್ತರ ಸಿಕ್ಕಿದೆ. ಉಳಿದ ಅರ್ಧ ಹಿಡಿದು ವ್ಯಾಖ್ಯಾನಕ್ಕೆ ಹೋಗಿ. ಖಾಲಿ ಕೈಯಲ್ಲಿ ಹೋದರೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬರುತ್ತೀರಿ. ಪ್ರಶ್ನೆ ಹಿಡಿದು ಹೋದರೆ ಮಾತುಕತೆ ನಡೆಯುತ್ತದೆ.

ಪೂರ್ತಿ ಸೆಟ್ ಕೊಳ್ಳಬೇಡಿ. ಇಡೀ ಬೈಬಲ್‌ಗೆ ಒಂದೇ ಸಂಪುಟದ ವ್ಯಾಖ್ಯಾನ ಒಂದಿರಲಿ. ಆಮೇಲೆ ಯಾವ ಪುಸ್ತಕ ಓದುತ್ತೀರೋ ಅದಕ್ಕೆ ಮಾತ್ರ ಒಂದು ಬಿಡಿ ವ್ಯಾಖ್ಯಾನ ತನ್ನಿ. ಒಂದೇ ಸರಣಿಯಲ್ಲಿ ರೋಮಾಪುರದ ಪತ್ರದ ಸಂಪುಟ ಚೆನ್ನಾಗಿದ್ದು ಯೆಶಾಯನದ್ದು ಸಪ್ಪೆಯಾಗಿರಬಹುದು. ಬರೆದವರು ಬೇರೆ ಬೇರೆ ಅಲ್ವಾ. ಮ್ಯಾಥ್ಯೂ ಹೆನ್ರಿಯವರ ಹೆಸರಿನಲ್ಲಿ ಬರುವ ಪ್ರಸಿದ್ಧ ವ್ಯಾಖ್ಯಾನವೂ ಪೂರ್ತಿ ಅವರದ್ದಲ್ಲ. ಅಪೊಸ್ತಲರ ಕೃತ್ಯಗಳವರೆಗೆ ಬರೆದು 1714ರಲ್ಲಿ ತೀರಿಕೊಂಡರು. ಉಳಿದದ್ದನ್ನು ಬೇರೆ ಸಭಾಪಾಲಕರು ಪೂರ್ತಿ ಮಾಡಿದರು.

ವ್ಯಾಖ್ಯಾನ ಒಳ್ಳೆಯದೋ ಅಲ್ಲವೋ ಅಂತ ತಿಳಿಯಲು ನನ್ನದೊಂದು ಪರೀಕ್ಷೆ ಇದೆ. ಕಷ್ಟದ ವಚನವೊಂದನ್ನು ಆರಿಸಿ ನೇರ ಅಲ್ಲಿಗೇ ಹೋಗುತ್ತೇನೆ. ಸುಲಭದ ವಚನಕ್ಕೆ ನಾಲ್ಕು ಪುಟ ಬರೆದು ಕಷ್ಟದ್ದನ್ನು ಎರಡು ಸಾಲಿನಲ್ಲಿ ದಾಟಿಸಿದ್ದರೆ ವಾಪಸ್ ಇಡುತ್ತೇನೆ. ಆಮೇಲೆ ನೋಡುವುದು, ಬೇರೆಯವರು ಹೀಗೂ ಅರ್ಥ ಮಾಡುತ್ತಾರೆ, ಅವರ ಕಾರಣ ಇದು ಅಂತ ಹೇಳಿದ್ದಾರಾ ಅಂತ. ಹೇಳಿದ್ದರೆ ಆ ಮನುಷ್ಯನನ್ನು ನಂಬಬಹುದು. ಎಲ್ಲದಕ್ಕೂ ತಾನೊಬ್ಬನೇ ಸರಿ ಅನ್ನುವವರ ಪುಸ್ತಕ ಓದಲು ಖುಷಿ ಕೊಡುತ್ತದೆ, ಕಲಿಸುವುದು ಕಡಿಮೆ.

ಲೇಖಕರು ಯಾವ ಸಭೆಯವರು ಅಂತಲೂ ನೋಡಿಕೊಳ್ಳಿ. ದೀಕ್ಷಾಸ್ನಾನ, ಪ್ರಭುಭೋಜನ, ಅಂತ್ಯಕಾಲ, ಇಂಥ ವಿಷಯ ಬಂದಾಗ ಅವರು ಎಲ್ಲಿ ನಿಂತು ಮಾತಾಡುತ್ತಿದ್ದಾರೆ ಅಂತ ಗೊತ್ತಿದ್ದರೆ ಒಳ್ಳೆಯದು. ನಿಮ್ಮ ಸಭೆಯವರ ಒಂದು, ಬೇರೆ ಸಭೆಯವರ ಒಂದು ಓದಿದರೆ ಇನ್ನೂ ಒಳ್ಳೆಯದು. ಅಂತ್ಯಕಾಲದ ವಿಷಯದಲ್ಲಿ ಒಂದೇ ನಿಯಮ: ತಾರೀಕು ಹೇಳುವ ಪುಸ್ತಕವನ್ನು ಮುಚ್ಚಿಬಿಡಿ. ವಿಲಿಯಂ ಮಿಲ್ಲರ್ ಅವರ ಲೆಕ್ಕಾಚಾರ ನಂಬಿದವರು 1844ರ ಅಕ್ಟೋಬರ್ 22ರಂದು ಕ್ರಿಸ್ತನಿಗಾಗಿ ಕಾದು ಕೂತಿದ್ದರು. ಮರುದಿನ ಬೆಳಗಾಯಿತು. ಆ ದಿನ ಯಾವುದು ಅಂತ ಯಾರಿಗೂ ಗೊತ್ತಿಲ್ಲ ಅನ್ನುವ ಮತ್ತಾಯ 24:36 ಅವರ ಬೈಬಲ್‌ನಲ್ಲೂ ಇತ್ತು.

ಹಂತ 7: ತಲೆಯಿಂದ ಎದೆಗೆ

ಇಲ್ಲಿಯವರೆಗಿನದ್ದು ಅರ್ಥ ಮಾಡಿಕೊಳ್ಳುವ ಪುಸ್ತಕಗಳು. ವಿಶ್ವಾಸ ಬೆಳೆಸುವ ಪುಸ್ತಕಗಳ ಓದು ಬೇರೆ ಥರ. ಅವನ್ನು ಪೆನ್ಸಿಲ್ ಹಿಡಿದು ಬೇಟೆಯಾಡುವ ಹಾಗೆ ಓದಬಾರದು. ದಿನಕ್ಕೆ ಎರಡು ಪುಟ ಸಾಕು.

ಅನುದಿನ ಧ್ಯಾನದ ಪುಸ್ತಕಗಳಿಂದ ಬಹಳ ಜನ ಶುರು ಮಾಡುತ್ತಾರೆ. ತಪ್ಪಿಲ್ಲ. ಆದರೆ ಅವು ಮೇಲೆ ಒಂದು ವಚನ ಹಾಕಿ ಕೆಳಗೆ ಒಂದು ಕಥೆ ಹೇಳುತ್ತವೆ. ವಚನ ತನ್ನ ಜಾಗದಿಂದ ಕಿತ್ತು ಬಂದಿರುತ್ತದೆ. ಯೆರೆಮೀಯ 29:11 ಎಲ್ಲರ ಗೋಡೆಯ ಮೇಲಿದೆ. ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆ ಹಿತದ್ದು ಅನ್ನುವ ಮಾತು. ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಯೆರೆಮೀಯ ಕಳಿಸಿದ ಪತ್ರದಲ್ಲಿ ಅದು ಬರುತ್ತದೆ. ಅದರ ಹಿಂದಿನ ವಚನ ಯಾರ ಗೋಡೆಯ ಮೇಲೂ ಇಲ್ಲ. ಅಲ್ಲಿ 70 ವರ್ಷ ಬಾಬೆಲಿನಲ್ಲಿ ಇರಬೇಕು ಅಂತಿದೆ. ಆ ಪತ್ರ ಕೇಳಿಸಿಕೊಂಡ ಹಿರಿಯರಲ್ಲಿ ಬಹಳ ಜನ ಅಲ್ಲೇ ಮಣ್ಣಾದರು. ಅದನ್ನೂ ಸೇರಿಸಿ ಓದಿದಾಗಲೇ ಆ ವಚನದ ತೂಕ ಗೊತ್ತಾಗುವುದು. ಆದ್ದರಿಂದ ಧ್ಯಾನದ ಪುಸ್ತಕ ಓದುವ ಮೊದಲು ಅವತ್ತಿನ ವಚನ ಇರುವ ಇಡೀ ಅಧ್ಯಾಯ ಓದಿ. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಹಳೆಯ ಪುಸ್ತಕಗಳ ಕಡೆ ನನಗೆ ಒಲವು ಜಾಸ್ತಿ. ನೂರಾರು ವರ್ಷ ಜನ ಓದಿ ಉಳಿಸಿಕೊಂಡಿದ್ದಾರೆ ಅಂದರೆ ಏನೋ ಇದೆ ಅಂತಲೇ. 400ರ ಸುಮಾರಿಗೆ ಅಗಸ್ಟಿನ್ ತಮ್ಮ ಬದುಕಿನ ಕಥೆಯನ್ನು ದೇವರ ಮುಂದೆ ಹೇಳಿಕೊಂಡ ಹಾಗೆ ಬರೆದರು. ಇಡೀ ಪುಸ್ತಕವೇ ಪ್ರಾರ್ಥನೆ. ಮೊದಲ ಸಲ ಓದುವವರು ಕೊನೆಯ ಭಾಗಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲ ಒಂಬತ್ತು ಭಾಗ ಓದಿ ನಿಲ್ಲಿಸಿದರೂ ನಷ್ಟವಿಲ್ಲ. ಪ್ಯಾರಿಸ್‌ನ ಮಠವೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಬ್ರದರ್ ಲಾರೆನ್ಸ್ 1691ರಲ್ಲಿ ತೀರಿಕೊಂಡರು. ಅವರ ಪತ್ರಗಳು, ಮಾತುಕತೆಗಳನ್ನು ಆಮೇಲೆ ಒಟ್ಟುಮಾಡಿದರು. ತೆಳ್ಳಗಿನ ಪುಸ್ತಕ. ಪಾತ್ರೆ ತೊಳೆಯುತ್ತಲೂ ದೇವರ ಸನ್ನಿಧಿಯಲ್ಲಿ ಇರುವುದು ಹೇಗೆ ಅನ್ನುವುದೇ ಅದರ ವಿಷಯ. ಕಥೆ ಬೇಕೆನ್ನುವವರಿಗೆ 1678ರಲ್ಲಿ ಬಂದ ಜಾನ್ ಬನ್ಯನ್ ಅವರ ಯಾತ್ರಿಕನ ಕಥೆ ಇದೆ. ಗುಂಪಿನಲ್ಲಿ, ಸಭೆಯಲ್ಲಿ ಇರುವ ಕಷ್ಟ ಗೊತ್ತಿರುವವರಿಗೆ ಡೀಟ್ರಿಶ್ ಬೋನ್‌ಹೋಫರ್ 1939ರಲ್ಲಿ ಪ್ರಕಟಿಸಿದ ಕೂಡಿ ಬಾಳುವ ಬಗೆಗಿನ ಸಣ್ಣ ಪುಸ್ತಕ. ನಾಜಿಗಳು ಮುಚ್ಚಿಸಿದ ಗುರುಶಿಕ್ಷಣ ಶಾಲೆಯೊಂದರ ಅನುಭವದಿಂದ ಹುಟ್ಟಿದ್ದು.

ಕ್ಯಾಟೆಕಿಸಮ್ ಅಂದರೆ ಮಕ್ಕಳ ಪುಸ್ತಕ ಅಂತ ದೂರ ಇಡಬೇಡಿ. ನಂಬುವುದು ಏನನ್ನು, ಯಾಕೆ ಅಂತ ಪ್ರಶ್ನೋತ್ತರದಲ್ಲಿ ಅಚ್ಚುಕಟ್ಟಾಗಿ ಹೇಳುವ ಪುಸ್ತಕ ಇನ್ನೊಂದಿಲ್ಲ. ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ತಮ್ಮ ಚಿಕ್ಕ ಕ್ಯಾಟೆಕಿಸಮ್ ಬರೆದದ್ದು ಮನೆಗಳಲ್ಲಿ ಕಲಿಸಲು. 1563ರ ಹೈಡಲ್‌ಬರ್ಗ್ ಕ್ಯಾಟೆಕಿಸಮ್‌ನಲ್ಲಿ 129 ಪ್ರಶ್ನೆಗಳಿವೆ. ವರ್ಷದ 52 ಭಾನುವಾರಗಳಿಗೆ ಹಂಚಿದ್ದಾರೆ. ಕ್ಯಾಥೊಲಿಕರಿಗೆ 1992ರಲ್ಲಿ ಬಂದ ದೊಡ್ಡದಿದೆ, 2865 ಪ್ಯಾರಾ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಲು ಹೋಗಬೇಡಿ. ವಿಷಯ ಹುಡುಕಿ ಓದಿ.

ಓದಿದ್ದನ್ನು ಪ್ರಾರ್ಥನೆ ಮಾಡುವ ಹಳೆಯ ಕ್ರಮವೊಂದಿದೆ. 12ನೇ ಶತಮಾನದಲ್ಲಿ ಎರಡನೇ ಗೀಗೋ ಅನ್ನುವ ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲಿನ ಏಣಿ ಅಂದರು: ಓದು, ಮೆಲುಕು, ಪ್ರಾರ್ಥನೆ, ಮೌನ. ಐದಾರು ವಚನ ನಿಧಾನವಾಗಿ ಓದಿ. ತಡೆದು ನಿಲ್ಲಿಸಿದ ಒಂದು ಮಾತನ್ನು ಮನಸ್ಸಿನಲ್ಲೇ ತಿರುಗಿಸಿ. ಅದನ್ನೇ ಹಿಡಿದು ದೇವರೊಂದಿಗೆ ಮಾತಾಡಿ. ಆಮೇಲೆ ಸುಮ್ಮನೆ ಕೂತಿರಿ. ಹಂತ 6 ಮುಗಿಸಿದ ಭಾಗದ ಮೇಲೆ ಹೀಗೆ ಕೂತರೆ ಮೆಲುಕು ಹಾಕಲು ನಿಜವಾಗಿ ಏನಾದರೂ ಇರುತ್ತದೆ. ಇಲ್ಲದಿದ್ದರೆ ನಮ್ಮ ಅನ್ನಿಸಿಕೆಯನ್ನೇ ದೇವರ ಮಾತು ಅಂದುಕೊಳ್ಳುವ ಅಪಾಯ ಇದೆ.

ಒಂದು ತಿಂಗಳಿಗೆ ಹೊಂದಿಸಿಕೊಳ್ಳುವುದು

ದಿನಕ್ಕೆ ಅರ್ಧ ಗಂಟೆ ಇದೆ ಅಂದುಕೊಳ್ಳೋಣ. ಮೊದಲ ವಾರ ಎರಡು ಅನುವಾದ, ನೋಟ್‌ಬುಕ್, ಬೇರೇನೂ ಇಲ್ಲ. ಎರಡನೇ ವಾರ ಅಡ್ಡ ಉಲ್ಲೇಖ, ಕನ್ಕಾರ್ಡೆನ್ಸ್. ಮೂರನೇ ವಾರ ನಿಘಂಟು, ಭೂಪಟ, ಕೊನೆಗೆ ಎರಡು ದಿನ ಪೀಠಿಕೆ. ನಾಲ್ಕನೇ ವಾರ ವ್ಯಾಖ್ಯಾನ. ಧ್ಯಾನದ ಓದು ರಾತ್ರಿ ಮಲಗುವ ಮುಂಚೆ, ಬೇರೆಯಾಗಿ. ಯೋನ ಮುಗಿದ ಮೇಲೆ ನಹೂಮ ಓದಿ. ಅದೂ ನಿನೆವೆಯ ಬಗ್ಗೆಯೇ. ಆದರೆ ಅದು ಹಾಳಾಗುವ ಬಗ್ಗೆ. ನಿನೆವೆ ಕ್ರಿ.ಪೂ. 612ರಲ್ಲಿ ನಿಜವಾಗಿ ಹಾಳಾಯಿತು. ನಹೂಮವೂ ಪ್ರಶ್ನೆಯಲ್ಲೇ ಮುಗಿಯುತ್ತದೆ. ಎರಡೂ ಪ್ರಶ್ನೆಗಳನ್ನು ಒಂದೇ ಪುಟದಲ್ಲಿ ಮೇಲೆ ಕೆಳಗೆ ಬರೆದುಕೊಂಡು ನೋಡಿ.

ಆಮೇಲೆ ಫಿಲೆಮೋನ, ಬರೀ 25 ವಚನ. ನಂತರ ರೂತ್. ಇವು ಮೂರ್ನಾಲ್ಕು ಆದ ಮೇಲೆ ಮಾರ್ಕ. ರೋಮಾಪುರದವರಿಗೆ ಬರೆದ ಪತ್ರ, ಪ್ರಕಟನೆ ಇವುಗಳಿಂದ ಶುರು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಸ್ವಲ್ಪ ಕಾಯಿರಿ.

ಸಾಧ್ಯವಾದರೆ ಇನ್ನೊಬ್ಬರ ಜೊತೆ ಸೇರಿ ಮಾಡಿ. ವಾರಕ್ಕೊಮ್ಮೆ ಕೂತು ನೋಟ್‌ಬುಕ್ ಹೋಲಿಸಿ. ನೀವು ಕಾಣದ್ದು ಅವರಿಗೆ ಕಂಡಿರುತ್ತದೆ. ನನಗೆ ಕೊನೆಯ ವಚನ ತೋರಿಸಿದವರ ಬಳಿ ಅವತ್ತು ಒಂದೂ ವ್ಯಾಖ್ಯಾನ ಇರಲಿಲ್ಲ. ಅಂಚೆಲ್ಲ ಬರೆದು ಬರೆದು ಕಪ್ಪಾಗಿದ್ದ ಒಂದು ಬೈಬಲ್ ಇತ್ತು.